ವಯಸ್ಸಾದ ನಾಯಿಯ ಜೊತೆ ಒಂದು ದಿನದ ಕಾಡುಚಾರಣ: ಮನೆಯ ತಯಾರಿಯಿಂದ ಮರುದಿನ ಬೆಳಿಗ್ಗೆಯವರೆಗೆ

ವಯಸ್ಸಾದ ನಾಯಿಯನ್ನು ಕಾಡಿಗೆ ಕರೆದೊಯ್ಯುವಾಗಿನ ದೊಡ್ಡ ಕಷ್ಟ ಏನೆಂದರೆ, ಅದು ಯಾವತ್ತೂ ಸಾಕು ಎನ್ನುವುದಿಲ್ಲ. ನೀವು ಬ್ಯಾಗ್ ಎತ್ತಿದ ಕೂಡಲೇ ಬಾಲ ಆಡಿಸುತ್ತದೆ. ಕೀಲು ನೋಯುತ್ತಿದ್ದರೂ, ಉಸಿರು ಸಾಲದಿದ್ದರೂ, ನೀವು ಮುಂದೆ ಹೋಗುತ್ತಿದ್ದೀರಿ ಎಂದರೆ ಅದು ಹಿಂದೆ ಬಂದೇ ಬರುತ್ತದೆ. ಹಾಗಾಗಿ ಎಲ್ಲಿ ನಿಲ್ಲಬೇಕು, ಎಲ್ಲಿಂದ ವಾಪಸ್ ತಿರುಗಬೇಕು ಎಂಬ ತೀರ್ಮಾನ ಪೂರ್ತಿ ನಿಮ್ಮ ಮೇಲಿದೆ. ಇನ್ನೊಂದು ಮಾತು. ಚಾರಣ ನಾಯಿಗೆ ಒಗ್ಗಿತೋ ಇಲ್ಲವೋ ಎಂಬುದು ಆ ದಿನ ಗೊತ್ತಾಗುವುದಿಲ್ಲ. ಮರುದಿನ ಬೆಳಿಗ್ಗೆ ಅದು ಹಾಸಿಗೆಯಿಂದ ಹೇಗೆ ಏಳುತ್ತದೆ ಎಂದು ನೋಡಿದಾಗ ಗೊತ್ತಾಗುತ್ತದೆ.

ಹಾಗಂತ ಮನೆಯಲ್ಲೇ ಬಿಟ್ಟು ಹೋಗಿ ಎನ್ನುತ್ತಿಲ್ಲ. ಕೀಲಿಗೆ ಆಸರೆ ಕೊಡುವುದೇ ಅದರ ಸುತ್ತಲಿನ ಮಾಂಸಖಂಡ. ನಡಿಗೆ ನಿಂತರೆ ಹಿಂಗಾಲಿನ ತೊಡೆ ಸೊರಗುತ್ತದೆ, ಕೀಲಿನ ಮೇಲೆ ಇನ್ನೂ ಭಾರ ಬೀಳುತ್ತದೆ, ನೋವು ಹೆಚ್ಚಾಗುತ್ತದೆ, ನಡಿಗೆ ಮತ್ತಷ್ಟು ಕಡಿಮೆಯಾಗುತ್ತದೆ. ಈ ಸುಳಿಗೆ ಬೀಳದಂತೆ ನೋಡಿಕೊಳ್ಳುವುದಕ್ಕೆ ನಿಯಮಿತವಾದ, ಅಳತೆ ಮೀರದ ನಡಿಗೆಯೇ ಒಳ್ಳೆಯ ದಾರಿ. ಕಣ್ಣು, ಕಿವಿ ಮಂದವಾದ ನಾಯಿಗೂ ಮೂಗು ಸಾಕಷ್ಟು ಚುರುಕಾಗಿಯೇ ಇರುತ್ತದೆ. ಅದಕ್ಕೆ ಕಾಡು ಎಂದರೆ ವಾಸನೆಗಳ ಹಬ್ಬ.

ಯಾವಾಗ ಮುದಿ ಎನ್ನಬೇಕು?

ದೊಡ್ಡ ಜಾತಿಯ ನಾಯಿಗಳು ಬೇಗ ಮುದಿಯಾಗುತ್ತವೆ. ಗ್ರೇಟ್ ಡೇನ್‌ನಂಥ ದೈತ್ಯ ಜಾತಿಗಳಿಗೆ 6 ವರ್ಷಕ್ಕೇ ವಯಸ್ಸಾಯಿತು ಎನ್ನಬಹುದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಗಾತ್ರದವಕ್ಕೆ 7–8. ಪುಟ್ಟ ನಾಯಿಗಳು 10–11 ದಾಟಿದ ಮೇಲೂ ಜೋರಾಗಿ ಓಡಾಡುತ್ತಿರುತ್ತವೆ. ಆದರೆ ಲೆಕ್ಕಕ್ಕಿಂತ ನಡವಳಿಕೆ ಮುಖ್ಯ. ಮಲಗಿ ಎದ್ದಾಗ ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿವೆಯೇ? ಕಾರಿಗೆ ಹಾರುವ ಮುನ್ನ ಒಂದು ಕ್ಷಣ ಯೋಚಿಸುತ್ತದೆಯೇ? ಮೆಟ್ಟಿಲು ಹತ್ತುವಾಗ ಎರಡೂ ಹಿಂಗಾಲನ್ನು ಮೊಲದ ಹಾಗೆ ಒಟ್ಟಿಗೆ ಎತ್ತಿಡುತ್ತದೆಯೇ? ಒಂದೇ ಕೀಲನ್ನು ಪದೇ ಪದೇ ನೆಕ್ಕುತ್ತದೆಯೇ? ನಡೆಯುವಾಗ ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುವ ಸದ್ದು ಬರುತ್ತದೆಯೇ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದಾದರೆ, ವಯಸ್ಸು ಎಷ್ಟೇ ಇರಲಿ, ಮುಂದಿನದೆಲ್ಲ ನಿಮ್ಮ ನಾಯಿಗೂ ಅನ್ವಯಿಸುತ್ತದೆ.

ನಾಯಿ ಕುಂಯ್ಗುಟ್ಟುತ್ತಿಲ್ಲ, ಅಂದಮೇಲೆ ನೋವಿಲ್ಲ ಎಂದು ಸುಮ್ನೆ ಅಂದುಕೊಳ್ಳಬೇಡಿ. ಕೀಲುನೋವಿರುವ ಹೆಚ್ಚಿನ ನಾಯಿಗಳು ಸದ್ದೇ ಮಾಡುವುದಿಲ್ಲ. ಬರೀ ನಿಧಾನವಾಗುತ್ತವೆ.

ಮೊದಲ ಹೆಜ್ಜೆ: ಪಶುವೈದ್ಯರ ಹತ್ತಿರ ಹೋಗಿ

ಒರಟು ದಾರಿಯ ಯೋಜನೆ ಹಾಕುವ ಮುಂಚೆ ಒಮ್ಮೆ ತಪಾಸಣೆ ಆಗಲೇಬೇಕು. ವಯಸ್ಸಾದ ನಾಯಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಹೇಗೂ ಬೇಕು. ಅದನ್ನೇ ಚಾರಣಕ್ಕೆ ಮುಂಚೆ ಹೊಂದಿಸಿಕೊಂಡರಾಯಿತು. ಹೋದಾಗ "ಆರೋಗ್ಯ ಹೇಗಿದೆ ನೋಡಿ" ಎಂದಷ್ಟೇ ಹೇಳಬೇಡಿ. ಎಷ್ಟು ದೂರ, ಎಂಥ ಏರು, ಎಷ್ಟು ಗಂಟೆ ಎಂದು ಬಿಡಿಸಿ ಹೇಳಿ. ನಾಯಿ ಎದ್ದು ನಡೆಯುವ ವಿಡಿಯೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಆಸ್ಪತ್ರೆಯ ಗಾಬರಿಯಲ್ಲಿ ಕುಂಟುವ ನಾಯಿಯೂ ನೆಟ್ಟಗೆ ನಡೆದುಬಿಡುತ್ತದೆ, ಅಲ್ವಾ?

ಕೇಳಲೇಬೇಕಾದ ವಿಷಯಗಳು ಕೆಲವಿವೆ. ಸೊಂಟ, ಮಂಡಿ, ಮುಂಗಾಲಿನ ಮೊಣಕೈ, ಬೆನ್ನುಮೂಳೆ, ಈ ನಾಲ್ಕರಲ್ಲಿ ಯಾವುದು ದುರ್ಬಲ ಎಂದು ತಿಳಿದುಕೊಳ್ಳಿ. ದಾರಿ ಆಯ್ಕೆ ಮಾಡುವಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಹೃದಯದಲ್ಲಿ ಗೊರಗೊರ ಸದ್ದು ಇದೆಯೇ ಎಂದು ಕೇಳಿ. ಪುಟ್ಟ ಜಾತಿಯ ಮುದಿ ನಾಯಿಗಳಲ್ಲಿ ಹೃದಯದ ಕವಾಟ ಸಡಿಲವಾಗುವ ಕಾಯಿಲೆ ಸಾಮಾನ್ಯ. ದೊಡ್ಡ ಜಾತಿಗಳಲ್ಲಿ, ಅದರಲ್ಲೂ ಲ್ಯಾಬ್ರಡಾರ್‌ಗಳಲ್ಲಿ, ಗಂಟಲಿನ ಸ್ನಾಯು ಸೋತು ಶ್ವಾಸದ ಬಾಯಿ ಸರಿಯಾಗಿ ತೆರೆಯದ ತೊಂದರೆ ಬರುತ್ತದೆ. ಬೊಗಳುವ ದನಿ ಒಡೆದಿದ್ದರೆ, ಉಸಿರೆಳೆಯುವಾಗ ಕರಕರ ಸದ್ದು ಬರುತ್ತಿದ್ದರೆ ವೈದ್ಯರಿಗೆ ಹೇಳಿ. ಅಂಥ ನಾಯಿಗೆ ಬಿಸಿಲಲ್ಲಿ ಏರು ಹತ್ತಿಸುವುದು ಪ್ರಾಣಕ್ಕೇ ಅಪಾಯ.

ಮನೆಯಲ್ಲೇ ಮಾಡಬಹುದಾದ ಒಂದು ಸುಲಭ ಪರೀಕ್ಷೆ ಇದೆ. ನಾಯಿ ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಎದೆ ಏರಿ ಇಳಿಯುತ್ತದೆ ಎಂದು ಎಣಿಸಿ. 30ಕ್ಕಿಂತ ಕಡಿಮೆ ಇರಬೇಕು. ದಿನವೂ 30 ದಾಟುತ್ತಿದ್ದರೆ ಚಾರಣದ ಮಾತು ಬದಿಗಿಟ್ಟು ಆಸ್ಪತ್ರೆಗೆ ಹೋಗಿ.

ಔಷಧಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಮನುಷ್ಯರು ನುಂಗುವ ಐಬುಪ್ರೊಫೆನ್, ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಯಾವುದನ್ನೂ ನೀವಾಗಿಯೇ ನಾಯಿಗೆ ಕೊಡಬೇಡಿ. ಕಿಡ್ನಿ, ಲಿವರ್, ಹೊಟ್ಟೆ ಎಲ್ಲಕ್ಕೂ ಪೆಟ್ಟು. ವೈದ್ಯರು ಬರೆದುಕೊಟ್ಟ ಕಾರ್ಪ್ರೊಫೆನ್, ಮೆಲೊಕ್ಸಿಕ್ಯಾಮ್‌ನಂಥ ನೋವಿನ ಮಾತ್ರೆಗಳನ್ನು ಹೇಳಿದ ಅಳತೆಯಲ್ಲೇ ಕೊಡಿ. "ಇವತ್ತು ದೂರ ನಡೆಯಬೇಕು" ಎಂದು ಒಂದು ಹೆಚ್ಚಿಗೆ ಕೊಡುವುದು ಎರಡು ರೀತಿಯಲ್ಲಿ ತಪ್ಪು. ಮೈಯಲ್ಲಿ ನೀರು ಕಡಿಮೆಯಾದಾಗ ಈ ಮಾತ್ರೆಗಳು ಕಿಡ್ನಿಗೆ ಹೊಡೆಯುತ್ತವೆ. ಮೇಲಾಗಿ, ನಿಲ್ಲು ಎಂದು ಹೇಳಬೇಕಾದ ನೋವನ್ನೇ ನೀವು ಬಾಯಿ ಮುಚ್ಚಿಸಿದಂತಾಗುತ್ತದೆ.

ತೂಕ, ಉಗುರು, ಅಭ್ಯಾಸ

ಮುದಿ ನಾಯಿಯ ಕೀಲಿಗೆ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ ತೂಕ ಇಳಿಸುವುದು. ಯಾವ ಪೌಡರ್, ಯಾವ ಟಾನಿಕ್ಕೂ ಇದಕ್ಕೆ ಸಮ ಅಲ್ಲ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೂ ಗಮನಿಸಿದ ಒಂದು ಹೆಸರಾಂತ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಳಿಗಿಂತ ಶೇ. 25ರಷ್ಟು ಕಡಿಮೆ ತಿಂದ ಗುಂಪು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿತು. ಕೀಲುನೋವಿನ ಚಿಕಿತ್ಸೆ ಬೇಕಾಗಿದ್ದೂ ಅವಕ್ಕೆ ತಡವಾಗಿಯೇ. ನಿಮ್ಮ ನಾಯಿಯ ಪಕ್ಕೆ ಮೇಲೆ ಅಂಗೈ ಹಗುರವಾಗಿ ಸವರಿ. ಎಲುಬು ಒತ್ತದೆಯೇ ಕೈಗೆ ಸಿಗಬೇಕು. ಮೇಲಿಂದ ನೋಡಿದರೆ ಸೊಂಟದ ಸಣ್ಣಭಾಗ ಕಾಣಬೇಕು. ಎರಡೂ ಇಲ್ಲದಿದ್ದರೆ ಮೊದಲು ಊಟದ ತಟ್ಟೆ ಸರಿಪಡಿಸಿ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಉಗುರು ಉದ್ದವಾಗಿದ್ದರೆ ಪಾದ ಹಿಂದಕ್ಕೆ ವಾಲುತ್ತದೆ, ಹಿಡಿತ ತಪ್ಪುತ್ತದೆ. ಬೇರು, ಬಂಡೆಯ ಸಂದಿಯಲ್ಲಿ ಸಿಕ್ಕಿ ಕಿತ್ತುಬರುವುದೂ ಉಂಟು. ನಾಲ್ಕೈದು ದಿನ ಮುಂಚೆಯೇ ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಲು ಹೋಗಿ ರಕ್ತ ಬಂದರೆ ಚಾರಣಕ್ಕೆ ಅಲ್ಲೇ ಮಂಗಳ. ಮುಂಗಾಲಿನ ಒಳಬದಿಯಲ್ಲಿ, ನೆಲಕ್ಕೆ ತಾಗದ ಉಗುರೊಂದು ಇರುತ್ತದಲ್ಲ, ಅದು ಸವೆಯುವುದೇ ಇಲ್ಲ. ಅದನ್ನು ಮರೆಯಬೇಡಿ. ಅಂಗಾಲಿನ ಮೆತ್ತೆಗಳ ನಡುವೆ ಬೆಳೆದ ಕೂದಲನ್ನೂ ಚಿಕ್ಕದಾಗಿ ಕತ್ತರಿಸಿ. ಒದ್ದೆ ಬಂಡೆ ಮೇಲೆ ಜಾರುವುದು ಕಡಿಮೆಯಾಗುತ್ತದೆ.

ಅಭ್ಯಾಸಕ್ಕೆ ಕನಿಷ್ಠ ಆರು ವಾರ ಕೊಡಿ. ಈಗ ದಿನಕ್ಕೆ ಎಷ್ಟು ಹೊತ್ತು ಆರಾಮಾಗಿ ನಡೆಯುತ್ತದೆಯೋ ಅಲ್ಲಿಂದ ಶುರು. ವಾರಕ್ಕೆ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿ ಏರಿಸಬೇಡಿ. ಮೊದಲು ಸಮಯ ಹೆಚ್ಚಿಸಿ, ಆಮೇಲೆ ಏರುತಗ್ಗು ಸೇರಿಸಿ. ಎರಡನ್ನೂ ಒಂದೇ ವಾರ ಹೆಚ್ಚಿಸಬೇಡಿ. ವಾರವಿಡೀ ಸೋಫಾ ಮೇಲೆ ಮಲಗಿ ಭಾನುವಾರ ಒಂದೇ ದಿನ ಐದು ಗಂಟೆ ನಡೆಯುವುದು ಮುದಿ ಕೀಲಿಗೆ ಅತ್ಯಂತ ಕೆಟ್ಟ ಪದ್ಧತಿ. ಅದಕ್ಕಿಂತ ದಿನಾ ಎರಡು ಸಲ ಅರ್ಧರ್ಧ ಗಂಟೆ ಸಾವಿರ ಪಾಲು ಮೇಲು.

ಒರಟು ನೆಲದಲ್ಲಿ ಮುಖ್ಯವಾಗಿ ಬೇಕಿರುವುದು ಸಮತೋಲನ. ಇದನ್ನು ಮನೆಯಂಗಳದಲ್ಲೇ ಕಲಿಸಬಹುದು. ನೆಲದ ಮೇಲೆ ನಾಲ್ಕೈದು ಕೋಲು ಅಡ್ಡ ಇಟ್ಟು ನಿಧಾನವಾಗಿ ದಾಟಿಸಿ. ಪ್ರತಿ ಕಾಲನ್ನೂ ಎತ್ತಿ ಇಡುವುದು ಅಭ್ಯಾಸವಾಗಲಿ. ಹುಲ್ಲು, ಮರಳು, ಜಲ್ಲಿ ಹೀಗೆ ನೆಲ ಬದಲಿಸುತ್ತಾ ನಡೆಸಿ. "ನಿಧಾನ", "ನಿಲ್ಲು", "ಎತ್ತುತ್ತೇನೆ" ಎಂಬ ಮೂರು ಮಾತನ್ನು ಕೈಸನ್ನೆಯ ಜೊತೆಗೇ ಕಲಿಸಿ. ಕಿವಿ ಪೂರ್ತಿ ಮಂದವಾದ ಮೇಲೆ ಸನ್ನೆ ಕಲಿಸುವುದು ಕಷ್ಟ. ಕೇಳುವಾಗಲೇ ಕಲಿಸಿಟ್ಟರೆ ಮುಂದೆ ಅದೇ ಭಾಷೆಯಾಗುತ್ತದೆ.

ದಾರಿ ಆರಿಸುವುದು

ಕಿಲೋಮೀಟರ್ ಮಾತ್ರ ನೋಡಿ ದಾರಿ ಆರಿಸಬೇಡಿ. ನಾಯಿಯ ಮೈಭಾರದ ಸುಮಾರು ಶೇ. 60 ಮುಂಗಾಲಿನ ಮೇಲೆ, ಉಳಿದದ್ದು ಹಿಂಗಾಲಿನ ಮೇಲೆ ಇರುತ್ತದೆ. ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಸೊಂಟ ಮತ್ತು ಮಂಡಿ ದುಡಿಯುತ್ತವೆ. ಇಳಿಯುವಾಗ ಭಾರ ಮುಂದಕ್ಕೆ ಬೀಳುತ್ತದೆ, ಭುಜ ಮತ್ತು ಮೊಣಕೈ ಪ್ರತಿ ಹೆಜ್ಜೆಗೂ ಪೆಟ್ಟು ತಿನ್ನುತ್ತವೆ. ಸೊಂಟದ ತೊಂದರೆ ಇರುವ ನಾಯಿಗೆ ಕಡಿದಾದ ಏರು ಬೇಡ. ಮೊಣಕೈ ತೊಂದರೆ ಇದ್ದರೆ ಉದ್ದ ಇಳಿಜಾರು ಬೇಡ. ವೈದ್ಯರನ್ನು ಯಾವ ಕೀಲು ಎಂದು ಕೇಳಿ ಎಂದದ್ದು ಇದಕ್ಕೇ.

ಶಿಖರ ಹತ್ತಿ ಬರುವ ದಾರಿಗಳಲ್ಲಿ ಒಂದು ಮೋಸ ಅಡಗಿದೆ. ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಹತ್ತಿಬಿಡುತ್ತದೆ. ಸುಸ್ತಾದ ಕಾಲಿನಲ್ಲಿ ಇಳಿಯುವುದು ಬಾಕಿ ಇರುತ್ತದೆ, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಮುದಿ ನಾಯಿಗೆ ಹೊಳೆಪಕ್ಕದ ಏರುತಗ್ಗು ಕಡಿಮೆಯಿರುವ ನೆರಳಿನ ದಾರಿಯೇ ಚೆನ್ನ. ಉಂಗುರದಂತೆ ಸುತ್ತಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ಮರಳುವುದು ವಾಸಿ. ಸುತ್ತುದಾರಿಯ ಅರ್ಧದಲ್ಲಿ ನಾಯಿ ಸೋತರೆ ಯಾವ ಕಡೆಗೂ ಅಷ್ಟೇ ದೂರ. ಹೋದ ದಾರಿಯಲ್ಲೇ ಮರಳುವುದಾದರೆ ಯಾವ ಕ್ಷಣದಲ್ಲೂ ತಿರುಗಬಹುದು. ಮುಂದೆ ಏನಿದೆ ಎಂಬ ಅನುಮಾನವೂ ಇಲ್ಲ.

ಮೂರು ಪಾಲಿನ ಲೆಕ್ಕ ಇಟ್ಟುಕೊಳ್ಳಿ. ನಾಯಿಯ ಒಟ್ಟು ಶಕ್ತಿಯಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಇನ್ನೊಂದು ಪಾಲು ಮುಟ್ಟಲೇಬಾರದ ಉಳಿತಾಯ. ಸಮತಟ್ಟು ನೆಲದಲ್ಲಿ ಮೂರು ಗಂಟೆ ಆರಾಮಾಗಿ ನಡೆಯುವ ನಾಯಿಯನ್ನು ಒಂದು ಗಂಟೆಯ ದೂರಕ್ಕಿಂತ ಆಚೆ ಒಯ್ಯಬೇಡಿ. ನೆಲ ಒರಟಾದರೆ ಇನ್ನೂ ಕಡಿಮೆ ಮಾಡಿ.

ಮೊದಲ ಸಲ ನಾಯಿಯಿಲ್ಲದೆ ನೀವೊಬ್ಬರೇ ಹೋಗಿ ದಾರಿ ನೋಡಿ ಬರುವುದು ಒಳ್ಳೆಯದು. ಜಾಲರಿ ಮೆಟ್ಟಿಲು, ಏಣಿ, ಬೇಲಿ, ಆಳದ ಹೊಳೆ ಎಲ್ಲೆಲ್ಲಿವೆ? ವಾಹನ ಬರಬಹುದಾದ ಜಾಗ ಎಲ್ಲಿದೆ? ಮೊಬೈಲ್ ಸಿಗ್ನಲ್ ಎಲ್ಲಿ ಹೋಗುತ್ತದೆ? ಬರೆದಿಟ್ಟುಕೊಳ್ಳಿ. ನಾಯಿಗೆ ಪ್ರವೇಶ ಇದೆಯೇ ಎಂಬುದನ್ನು ಅರಣ್ಯ ಕಚೇರಿಯಲ್ಲೇ ಕೇಳಿ. ಅನೇಕ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಲ್ಲಿ ಬಿಡುವುದಿಲ್ಲ. ಇದು ಸುಮ್ನೆ ಮಾಡಿದ ನಿಯಮ ಅಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿ ಕಾಡಿನಲ್ಲಿ ಡಿಸ್ಟೆಂಪರ್ ಎಂಬ ವೈರಸ್ ರೋಗ ಹರಡಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸತ್ತವು. ಅದು ಸಾಕುನಾಯಿಗಳಿಂದ ಬಂದ ಸೋಂಕು. ಡಿಸ್ಟೆಂಪರ್, ಪಾರ್ವೊ, ರೇಬೀಸ್, ಲೆಪ್ಟೊ ಲಸಿಕೆಗಳ ಅವಧಿ ಮುಗಿದಿದ್ದರೆ ಕಾಡಿನ ಕಡೆ ಹೋಗಲೇಬೇಡಿ.

ಬ್ಯಾಗಿನಲ್ಲಿ ಏನಿರಬೇಕು

ಹಾರ್ನೆಸ್ (ಎದೆ, ಬೆನ್ನು ಬಳಸಿ ಕಟ್ಟುವ ಪಟ್ಟಿ) ಮೇಲೆ ಖರ್ಚು ಮಾಡಿ, ಉಳಿದದ್ದರಲ್ಲಿ ಮಿತವ್ಯಯ ನಡೆಯುತ್ತದೆ. ಎದೆಯ ಮುಂದೆ ವೈ ಆಕಾರದಲ್ಲಿ ಕೂರುವ, ಭುಜ ಆಡುವುದಕ್ಕೆ ಅಡ್ಡಿ ಮಾಡದ, ಬೆನ್ನ ಮೇಲೆ ಗಟ್ಟಿ ಹಿಡಿಕೆ ಇರುವ ಹಾರ್ನೆಸ್ ಬೇಕು. ಬಂಡೆ ಹತ್ತಿಸುವಾಗ, ಜಾರಿದಾಗ ಹಿಡಿಯಲು ಆ ಹಿಡಿಕೆಯೇ ಗತಿ. ಕತ್ತಿನ ಬೆಲ್ಟಿಗೆ ಲೀಶ್ (ನಾಯಿಯನ್ನು ಹಿಡಿದು ನಡೆಸುವ ಹಗ್ಗ) ಕಟ್ಟಬೇಡಿ. ಪುಟ್ಟ ಮುದಿ ನಾಯಿಗಳ ಶ್ವಾಸನಾಳ ಮೊದಲೇ ಮೆತ್ತಗಾಗಿರಬಹುದು. ಕತ್ತಿನ ಮೇಲೆ ಎಳೆತ ಬಿದ್ದರೆ ಕಣ್ಣಿನ ಒತ್ತಡವೂ ಏರುತ್ತದೆ. ಬೆಲ್ಟ್ ಇರಲಿ, ಆದರೆ ಅದು ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ತೂಗುಹಾಕಲು ಮಾತ್ರ. ಎರಡು ಮೀಟರಿನ ಸಾಮಾನ್ಯ ಲೀಶ್ ಸಾಕು. ತಾನೇ ಸುತ್ತಿಕೊಳ್ಳುವ ದಾರದ ಲೀಶ್ ಪೊದೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಕಾಡಿಗೆ ಬೇಡ.

ಹಿಂಗಾಲು ದುರ್ಬಲವಾಗಿದ್ದರೆ ಸೊಂಟದ ಕೆಳಗೆ ಹಾಕಿ ಎತ್ತುವ ಪಟ್ಟಿ ಸಿಗುತ್ತದೆ. ಉದ್ದದ ಟವೆಲ್ ಕೂಡ ಅದೇ ಕೆಲಸ ಮಾಡುತ್ತದೆ. ನೆಲಕ್ಕೆ ಹಾಸುವ ಫೋಮ್ ಚಾಪೆಯ ತುಂಡೊಂದು ಇರಲಿ. ತಣ್ಣನೆ ಒದ್ದೆ ನೆಲದಲ್ಲಿ ಮಲಗೆದ್ದ ಮುದಿ ನಾಯಿ ಬಿಗಿದುಕೊಳ್ಳುತ್ತದೆ. ನಾಯಿಯ ಬೂಟು ತೆಗೆದುಕೊಂಡರೆ ಮನೆಯಲ್ಲಿ ವಾರಗಟ್ಟಲೆ ಹಾಕಿ ರೂಢಿ ಮಾಡಿಸಿ. ಹಿಂಗಾಲು ಎಳೆಯುವ ನಾಯಿಗೆ ಬೂಟು ನಿಜಕ್ಕೂ ಉಪಕಾರಿ, ಇಲ್ಲದಿದ್ದರೆ ಬೆರಳ ತುದಿ ಸವೆದು ರಕ್ತ ಬರುತ್ತದೆ. ನಾಯಿಯ ಬೆನ್ನಿಗೆ ಕಟ್ಟುವ ಚೀಲ ಮಾತ್ರ ಬೇಡ. ಇಷ್ಟು ವರ್ಷ ಕಾವಲು ಕಾದದ್ದು ಸಾಕು, ಸಾಮಾನು ನೀವೇ ಹೊರಿ.

ಪ್ರಥಮ ಚಿಕಿತ್ಸೆಗೆ ಹತ್ತಿಬಟ್ಟೆಯ ಗಾಜ್, ಚರ್ಮಕ್ಕೆ ಅಂಟದೆ ತನಗೇ ಅಂಟಿಕೊಳ್ಳುವ ಬ್ಯಾಂಡೇಜ್, ಗಾಯ ತೊಳೆಯಲು ಸಲೈನ್, ಚಿಮುಟ, ಡಿಜಿಟಲ್ ಥರ್ಮಾಮೀಟರ್, ನಾಯಿಯ ದಿನದ ಔಷಧಿ. ಜೊತೆಗೆ ಬಾಯಿಕುಕ್ಕೆ. ನಮ್ಮ ನಾಯಿ ಕಚ್ಚುವುದಿಲ್ಲ ಎನ್ನುತ್ತೀರಿ, ನಿಜ. ನೋವಾದಾಗ ಎಲ್ಲ ನಾಯಿಯೂ ಕಚ್ಚುತ್ತದೆ.

ಊಟ, ನೀರು

ಹೊರಡುವ ಎರಡು ಗಂಟೆ ಮೊದಲೇ ಸಣ್ಣ ಊಟ ಮುಗಿಯಲಿ. ಹೊಟ್ಟೆ ತುಂಬಾ ತಿಂದು ಓಡಾಡಿದರೆ, ಎದೆ ಆಳವಾಗಿರುವ ದೊಡ್ಡ ಜಾತಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯ ಇರುತ್ತದೆ. ವಯಸ್ಸಾದಂತೆ ಈ ಭಯ ಹೆಚ್ಚು. ಹೊಟ್ಟೆ ಉಬ್ಬಿ, ವಾಂತಿಗೆ ಎಳೆದರೂ ಏನೂ ಬರುತ್ತಿಲ್ಲ ಎಂದರೆ ಕಾಯುವ ಹಾಗಿಲ್ಲ. ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಸಕ್ಕರೆ ಕಾಯಿಲೆ ಇರುವ ನಾಯಿಯಾದರೆ ಇನ್ಸುಲಿನ್ ಮತ್ತು ಊಟದ ಹೊತ್ತನ್ನು ವೈದ್ಯರ ಜೊತೆ ಮಾತಾಡಿಯೇ ಗೊತ್ತುಮಾಡಿ.

ದಾರಿಯಲ್ಲಿ ಗಂಟೆಗೊಮ್ಮೆ ಒಂದೆರಡು ತುತ್ತು ಸಾಕು, ದಿನಾ ತಿನ್ನುವುದನ್ನೇ ಕೊಡಿ. ನಿಮ್ಮ ಡ್ರೈಫ್ರೂಟ್ ಪೊಟ್ಟಣವನ್ನು ಅದರ ಮೂಗಿಗೆ ಸಿಗದಂತೆ ಇಡಿ. ಒಣದ್ರಾಕ್ಷಿ, ಚಾಕೊಲೇಟ್, ಮಕಾಡಮಿಯ ಬೀಜ, ಕ್ಸೈಲಿಟಾಲ್ (ಸಕ್ಕರೆ ಬದಲು ಬಳಸುವ ಸಿಹಿ) ಹಾಕಿದ ಚೂಯಿಂಗ್ ಗಮ್ ಎಲ್ಲವೂ ನಾಯಿಗೆ ವಿಷ.

ಸುಮ್ಮನೆ ಮನೆಯಲ್ಲಿರುವ ನಾಯಿಗೇ ದಿನಕ್ಕೆ ಒಂದು ಕೆಜಿ ತೂಕಕ್ಕೆ 50–60 ಮಿಲಿ ನೀರು ಬೇಕು. ಅಂದರೆ 20 ಕೆಜಿ ನಾಯಿಗೆ ಲೀಟರಿನ ಮೇಲೆ. ನಡಿಗೆಯಲ್ಲಿ ಇನ್ನೂ ಜಾಸ್ತಿ. ನಿಮ್ಮದಲ್ಲದೆ ಅದಕ್ಕೇ ಅಂತ ಬೇರೆ ಬಾಟಲಿ ಒಯ್ಯಿರಿ. 20 ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ, ಒಂದೇ ಸಲ ಗಟಗಟ ಕುಡಿಯಲು ಬಿಡಬೇಡಿ. ನಿಂತ ನೀರು ಕುಡಿಸಬೇಡಿ. ಇಲಿ, ಹೆಗ್ಗಣಗಳ ಮೂತ್ರದಿಂದ ಬರುವ ಲೆಪ್ಟೊಸ್ಪೈರಾ ಎಂಬ ರೋಗಾಣು ಅಲ್ಲಿರಬಹುದು. ಹಸಿರು ಕೆನೆಗಟ್ಟಿದ ಕೆರೆಯಂತೂ ಬೇಡವೇ ಬೇಡ.

ದಾರಿಯಲ್ಲಿ

ಮೊದಲ ಹತ್ತು ನಿಮಿಷ ಸಮತಟ್ಟು ಜಾಗದಲ್ಲಿ ನಿಧಾನವಾಗಿ ನಡೆಸಿ. ಕಾರಿನಿಂದ ಇಳಿದವರೇ ಏರು ಹತ್ತಬೇಡಿ. ಇಳಿಸುವಾಗಲೂ ಎತ್ತಿಯೇ ಇಳಿಸಿ, ಹಾರಿಸಬೇಡಿ.

ಆಮೇಲೆ ವೇಗ ನಾಯಿಯದ್ದು. ಅದು ಮೂಸಲು ನಿಂತರೆ ನೀವೂ ನಿಲ್ಲಿ. ಮುದಿ ನಾಯಿ ಎಷ್ಟೋ ಸಲ ವಿಶ್ರಾಂತಿ ತೆಗೆದುಕೊಳ್ಳುವುದೇ ಮೂಸುವ ನೆಪದಲ್ಲಿ. ಅರ್ಧ ಗಂಟೆಗೊಮ್ಮೆ ಐದು ನಿಮಿಷ ನೆರಳಲ್ಲಿ ನಿಲ್ಲಿಸಿ. ತುಂಬ ಹೊತ್ತು ಮಲಗಿಸಬೇಡಿ, ಕೀಲು ಬಿಗಿದುಕೊಳ್ಳುತ್ತದೆ. ಚಿಕ್ಕ ಚಿಕ್ಕ ವಿರಾಮ, ಹೆಚ್ಚು ಸಲ.

ನಾಯಿಯನ್ನು ನಿಮ್ಮ ಮುಂದೆ ಬಿಡಿ, ಇಲ್ಲವೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಹಿಂದೆ ಇದ್ದರೆ ಅದರ ನಡಿಗೆ ಬದಲಾದದ್ದು ನಿಮಗೆ ಕಾಣುವುದಿಲ್ಲ. ಗಮನಿಸಬೇಕಾದದ್ದು ಇದನ್ನೇ. ಬೆಳಿಗ್ಗೆ ಇದ್ದ ಬಾಲ ಈಗ ಎಲ್ಲಿದೆ? ಹೆಜ್ಜೆ ಇಡುವಾಗ ತಲೆ ಮೇಲೆ ಕೆಳಗೆ ಆಡುತ್ತಿದೆಯೇ? ಮುಂಗಾಲು ನೋಯುವ ನಾಯಿ ಆ ಕಾಲು ಊರುವಾಗ ತಲೆ ಮೇಲೆತ್ತುತ್ತದೆ. ಹಿಂಗಾಲು ಅಗಲವಾಗಿ ಊರುತ್ತಿದೆಯೇ, ಎಡವುವುದು ಹೆಚ್ಚಾಯಿತೇ? ನಾಲಿಗೆ ಅಗಲವಾಗಿ ಚಮಚದಂತೆ ಚಾಚಿಕೊಂಡಿದೆಯೇ? ಸದಾ ಮುಂದೆ ಓಡುವ ನಾಯಿ ನಿಮ್ಮ ಕಾಲ ಬಳಿಯೇ ಬರುತ್ತಿದೆಯೇ? ಇವುಗಳಲ್ಲಿ ಎರಡು ಕಂಡರೆ ವಾಪಸ್ ತಿರುಗಿ. ಜಲಪಾತ ಇನ್ನು ಹತ್ತೇ ನಿಮಿಷ ಎಂದು ಎದುರಿಗೆ ಬಂದವರು ಹೇಳಿದರೂ ತಿರುಗಿ. ಎದುರು ಬರುವವರ ಹತ್ತು ನಿಮಿಷ ಯಾವತ್ತೂ ಹತ್ತು ನಿಮಿಷ ಆಗಿರುವುದಿಲ್ಲ ಎಂಬುದು ಚಾರಣ ಮಾಡುವ ಎಲ್ಲರಿಗೂ ಗೊತ್ತು.

ಅಡ್ಡ ಬಿದ್ದ ಮರ ಸಿಕ್ಕರೆ ಸುತ್ತಿಕೊಂಡು ಹೋಗಿ. ಸುತ್ತಲು ಜಾಗ ಇಲ್ಲದಿದ್ದರೆ ಎತ್ತಿ ದಾಟಿಸಿ. ಒಂದು ಕೈ ಮುಂಗಾಲಿನ ಮುಂದೆ ಎದೆ ಸುತ್ತ, ಇನ್ನೊಂದು ಹಿಂಗಾಲಿನ ಹಿಂದೆ ತೊಡೆಯ ಸುತ್ತ. ಬೆನ್ನು ನೇರವಾಗಿ ನೆಲಕ್ಕೆ ಸಮಾನವಾಗಿ ಇರಲಿ. ಹೊಟ್ಟೆ ಕೆಳಗೆ ಮಾತ್ರ ಕೈ ಹಾಕಿ ಎತ್ತಿದರೆ ಬೆನ್ನುಮೂಳೆಗೆ ಕಷ್ಟ. ಇಳಿಸುವಾಗ ನಾಲ್ಕೂ ಕಾಲು ಊರಿದ ಮೇಲೆಯೇ ಕೈ ಬಿಡಿ. ಹಾರಿ ದಾಟಲು ಅದೇ ಮುಂದಾಗುತ್ತದೆ, ಆಗ ಕಲಿಸಿದ "ನಿಲ್ಲು" ಉಪಯೋಗಕ್ಕೆ ಬರುತ್ತದೆ. ಏರುವುದನ್ನು ಅದೇ ಮಾಡಬಹುದು, ಹಾರಿ ಇಳಿಯುವುದನ್ನು ಮಾತ್ರ ತಡೆಯಿರಿ.

ಇಳಿಜಾರಿನಲ್ಲಿ ಲೀಶ್ ಗಿಡ್ಡ ಹಿಡಿದು, ಹಾವಿನಂತೆ ಬಳುಕುತ್ತಾ ಅಡ್ಡಡ್ಡ ಇಳಿಸಿ. ಹೊಳೆ ದಾಟುವಾಗ ನೀರಿನ ಹರಿವು ಇರುವ ಮೇಲ್ಬದಿಯಲ್ಲಿ ನಿಲ್ಲಬೇಡಿ, ಕೆಳಬದಿಯಲ್ಲಿ ನಿಂತು ಹಾರ್ನೆಸ್ಸಿನ ಹಿಡಿಕೆ ಹಿಡಿಯಿರಿ. ಜಾರಿದರೆ ನಿಮ್ಮ ಮೇಲೆಯೇ ಬರುತ್ತದೆ. ನೀರು ನಾಯಿಯ ಮೊಣಕೈ ದಾಟಿದರೆ ಬೇರೆ ಜಾಗ ಹುಡುಕಿ.

ಕಣ್ಣಿನ ಮಾತು. ವಯಸ್ಸಾದ ನಾಯಿಯ ಕಣ್ಣಲ್ಲಿ ಕಾಣುವ ನೀಲಿ ಮಬ್ಬು ಹೆಚ್ಚಾಗಿ ಮಸೂರ ಗಟ್ಟಿಯಾದದ್ದು, ದೃಷ್ಟಿಗೆ ಅಷ್ಟೇನೂ ತೊಂದರೆ ಇಲ್ಲ. ಬಿಳಿಯಾಗಿ ಕಂಡರೆ ಪೊರೆ ಇರಬಹುದು. ಎರಡರಲ್ಲೂ ಮಂದ ಬೆಳಕಿನಲ್ಲಿ ಕಾಣುವುದು ಕಡಿಮೆ. ಬಿಸಿಲಿನಿಂದ ದಟ್ಟ ನೆರಳಿಗೆ ಕಾಲಿಡುವಾಗ ಒಂದು ಕ್ಷಣ ನಿಂತು ಹೋಗಿ. ಕತ್ತಲಾಗುವ ಒಂದು ಗಂಟೆ ಮೊದಲೇ ಕಾರಿನ ಬಳಿ ಇರಬೇಕು. ಕಿವಿ ಮಂದವಾಗಿದ್ದರೆ, ಅಥವಾ ಮನೆಯಲ್ಲೇ ಮೂಲೆಯಲ್ಲಿ ನಿಂತು ಗೊಂದಲಗೊಳ್ಳುವ ಅಭ್ಯಾಸ ಶುರುವಾಗಿದ್ದರೆ, ಕಾಡಿನಲ್ಲಿ ಒಂದು ನಿಮಿಷವೂ ಲೀಶ್ ಬಿಚ್ಚಬೇಡಿ. ಕೂಗಿದರೆ ಬರುತ್ತದೆ ಎಂಬ ಹಳೇ ನಂಬಿಕೆ ಈಗ ನಡೆಯುವುದಿಲ್ಲ.

ಸೆಕೆ ಹೊಡೆದರೆ

ನಾಯಿಗೆ ನಮ್ಮಂತೆ ಮೈ ಬೆವರುವುದಿಲ್ಲ. ತೇಕುವುದರಿಂದಲೇ ಮೈ ತಣಿಯಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದೂ ಕೆಲಸ ಮಾಡುವುದಿಲ್ಲ. ಹಾಗಾಗಿ ಮೋಡ ಕವಿದ, ಗಾಳಿಯಿಲ್ಲದ, ಜಿಗುಟು ದಿನವೂ ಬಿಸಿಲಿನಷ್ಟೇ ಅಪಾಯ. ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುವುದು ಸಹಜ. 41 ದಾಟಿದರೆ ಒಳಗಿನ ಅಂಗಗಳಿಗೇ ಪೆಟ್ಟು ಬೀಳತೊಡಗುತ್ತದೆ. ನಿಲ್ಲದ ತೇಕು, ದಪ್ಪ ಜೊಲ್ಲು, ಕಡು ಕೆಂಪು ಒಸಡು, ತೂರಾಡುವ ನಡಿಗೆ, ವಾಂತಿ ಕಂಡರೆ ಮೊದಲು ತಣಿಸಿ, ಆಮೇಲೆ ಹೊರಡಿ. ನೆರಳಿಗೆ ಒಯ್ದು ಇರುವ ನೀರನ್ನೆಲ್ಲ ಮೈಮೇಲೆ ಸುರಿಯುತ್ತಾ ಗಾಳಿ ಹಾಕಿ. ಒದ್ದೆ ಬಟ್ಟೆ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕಿಡ್ನಿಯ ತೊಂದರೆ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದುಂಟು.

ಒಸಡು ನೋಡುವುದನ್ನು ಮನೆಯಲ್ಲೇ ಕಲಿತಿರಿ. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಒಸಡು ಬಿಳಿಚಿಕೊಂಡು ನಾಯಿ ಕುಸಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಿರಬಹುದು. ಮುದಿ ದೊಡ್ಡ ನಾಯಿಗಳ ಗುಲ್ಮದಲ್ಲಿ (ಸ್ಪ್ಲೀನ್) ಗೊತ್ತೇ ಆಗದಂತೆ ಬೆಳೆದ ಗೆಡ್ಡೆ ಒಡೆಯುವುದುಂಟು. ಅದಕ್ಕೆ ಕಾಡಿನಲ್ಲಿ ಮದ್ದಿಲ್ಲ, ಹೊತ್ತು ಓಡುವುದೊಂದೇ ದಾರಿ.

ಹಾವು ಕಚ್ಚಿದರೂ ಅಷ್ಟೇ. ಕಟ್ಟು ಬಿಗಿಯಬೇಡಿ, ಕುಯ್ಯಬೇಡಿ, ಹೀರಬೇಡಿ. ನಡೆಸದೆ ಹೊತ್ತುಕೊಂಡು ಹೋಗಿ.

ಹೊರುವ ಲೆಕ್ಕವನ್ನು ಹೊರಡುವ ಮುಂಚೆಯೇ ಹಾಕಬೇಕು. 8 ಕೆಜಿ ನಾಯಿಯನ್ನು ಬೆನ್ನ ಚೀಲದಲ್ಲಿ ಕೂರಿಸಬಹುದು. 30 ಕೆಜಿ ನಾಯಿಯನ್ನು ಒಬ್ಬರೇ ಒಂದು ಕಿಲೋಮೀಟರ್ ಒರಟು ದಾರಿಯಲ್ಲಿ ಹೊರಲು ಸಾಧ್ಯವೇ? ಮನೆಯ ಮೆಟ್ಟಿಲಲ್ಲಿ ಒಮ್ಮೆ ಎತ್ತಿ ಹತ್ತಿ ನೋಡಿ, ಉತ್ತರ ಸಿಗುತ್ತದೆ. ದೊಡ್ಡ ನಾಯಿಯಾದರೆ ಜೊತೆಗೆ ಇನ್ನೊಬ್ಬರು ಇರಲೇಬೇಕು, ಒಂದು ಗಟ್ಟಿ ಕಂಬಳಿಯೋ ಹೊರುವ ಜೋಲಿಯೋ ಬ್ಯಾಗಿನಲ್ಲಿರಬೇಕು. ಹತ್ತಿರದ ಪಶು ಆಸ್ಪತ್ರೆ ಭಾನುವಾರ ತೆರೆದಿರುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಮರಳಿದ ಮೇಲೆ

ಕೊನೆಯ ಹತ್ತು ನಿಮಿಷ ಮತ್ತೆ ನಿಧಾನ ನಡಿಗೆ. ಕಾರಿಗೆ ಹತ್ತಿಸುವ ಮುಂಚೆ ಮೈ ಒರೆಸಿ ಒಣಗಿಸಿ.

ಉಣುಗು ಹುಡುಕುವುದನ್ನು ಆ ರಾತ್ರಿಯೇ ಮಾಡಿ. ಕಿವಿಯ ಒಳಗೆ ಹೊರಗೆ, ಬೆರಳ ಸಂದಿ, ಕಂಕುಳು, ತೊಡೆಸಂದಿ, ಬಾಲದ ಬುಡ, ಬೆಲ್ಟಿನ ಕೆಳಗೆ. ಸಿಕ್ಕಿದರೆ ಚಿಮುಟದಿಂದ ಚರ್ಮಕ್ಕೆ ಅಂಟಿದ ಜಾಗದಲ್ಲೇ ಹಿಡಿದು ನೇರಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಕಡ್ಡಿ ಗೀರಿ ಸುಡುವುದು ಬೇಡ. ಉಣುಗು ತರುವ ಎರ್ಲಿಕಿಯಾ, ಬಬೇಸಿಯಾದಂಥ ಜ್ವರ ಕಾಣಿಸಿಕೊಳ್ಳಲು ಒಂದರಿಂದ ಮೂರು ವಾರ ಬೇಕು. ಹಾಗಾಗಿ ಯಾವತ್ತು ಕಾಡಿಗೆ ಹೋಗಿದ್ದಿರಿ ಎಂದು ಬರೆದಿಡಿ. ಆಮೇಲೆ ಊಟ ಬಿಟ್ಟು ಮಂಕಾದರೆ ವೈದ್ಯರಿಗೆ ಆ ದಿನಾಂಕ ಹೇಳಿ. ಉಣುಗು ತಡೆಯುವ ಮಾತ್ರೆಯನ್ನು ಹೋಗುವ ಮೊದಲೇ ಕೊಟ್ಟಿರಬೇಕು. ಮೂರ್ಛೆ ಬರುವ ನಾಯಿಯಾದರೆ ಮಾತ್ರೆ ಬರೆಸುವಾಗ ಅದನ್ನು ಹೇಳಲು ಮರೆಯಬೇಡಿ, ಕೆಲವು ಮಾತ್ರೆಗಳು ಅಂಥವಕ್ಕೆ ಆಗುವುದಿಲ್ಲ.

ಇಂಬಳ ಹತ್ತಿದ್ದರೆ ಉಗುರಿನಿಂದ ಅದರ ಬಾಯಿಯ ಕಡೆಯಿಂದ ಜಾರಿಸಿ ತೆಗೆಯಿರಿ. ಮೂಗಿನಲ್ಲಿ ಹೊಕ್ಕಿದ್ದರೆ ನೀವು ಕೈ ಹಾಕಬೇಡಿ.

ದಪ್ಪ ಹಾಸಿಗೆ, ಬೆಚ್ಚನೆ ಜಾಗ, ನೀರು. ಮಲಗುವ ಮೊದಲು ಐದು ನಿಮಿಷ ಅಂಗಳದಲ್ಲಿ ಓಡಾಡಿಸಿ. ತೊಡೆ, ಭುಜದ ಮಾಂಸಖಂಡಗಳನ್ನು ಅಂಗೈಯಿಂದ ಮೆಲ್ಲಗೆ ನೀವಿ. ಕೀಲಿನ ಮೇಲೆ ಒತ್ತಬೇಡಿ.

ಮರುದಿನ ಬೆಳಿಗ್ಗೆ

ನಾಯಿ ಏಳುವ ಮೊದಲೇ ನೀವು ಎದ್ದು ಮೊಬೈಲ್ ಹಿಡಿದು ಕಾಯಿರಿ. ಮೊದಲ ಹತ್ತು ಹೆಜ್ಜೆಗಳ ವಿಡಿಯೊ ತೆಗೆಯಿರಿ. ಎಂದಿನಂತೆ ಎದ್ದು, ಒಂದೆರಡು ನಿಮಿಷದಲ್ಲಿ ಸಡಿಲವಾದರೆ ಆ ದೂರ ಅದಕ್ಕೆ ಒಗ್ಗುತ್ತದೆ ಎಂದರ್ಥ. ಮುಂದಿನ ಸಲವೂ ಅಷ್ಟೇ ದೂರ ಹೋಗಿ, ಹೆಚ್ಚಿಸಬೇಡಿ. ಅರ್ಧ ಗಂಟೆಯಾದರೂ ಬಿಗಿತ ಹೋಗದಿದ್ದರೆ, ಮುಂದಿನ ಸಲ ದೂರವನ್ನು ಅರ್ಧಕ್ಕೆ ಇಳಿಸಿ. ಕಾಲು ಊರದಿದ್ದರೆ, ಊಟ ಬಿಟ್ಟರೆ, ಎರಡನೇ ದಿನವೂ ಕುಂಟುತ್ತಿದ್ದರೆ ವಿಡಿಯೊ ಸಮೇತ ವೈದ್ಯರ ಬಳಿ ಹೋಗಿ.

ಆ ದಿನ ಪೂರ್ತಿ ಮಲಗಿಸುವುದೂ ಬೇಡ. ಸಮತಟ್ಟು ಜಾಗದಲ್ಲಿ ಹತ್ತು ಹದಿನೈದು ನಿಮಿಷದ ನಡಿಗೆ, ಎರಡು ಮೂರು ಸಲ. ಮತ್ತೊಂದು ಒರಟು ದಾರಿಗೆ ಕನಿಷ್ಠ ಒಂದು ವಾರ ಬಿಡಿ. ಹೋದ ದೂರ, ಏರು, ಹವೆ, ಮರುದಿನದ ನಡಿಗೆ, ಇಷ್ಟನ್ನು ಪುಸ್ತಕದಲ್ಲಿ ಬರೆಯುತ್ತಾ ಬನ್ನಿ. ಕೆಲವು ತಿಂಗಳಲ್ಲಿ ನಿಮ್ಮ ನಾಯಿಯ ಮಿತಿ ಎಲ್ಲಿದೆ ಎಂದು ಆ ಪುಟಗಳೇ ತೋರಿಸುತ್ತವೆ. ಅದೇ ದೂರಕ್ಕೆ ಬಿಗಿತ ಹೆಚ್ಚುತ್ತಾ ಹೋಗುತ್ತಿದ್ದರೆ ಒರಟು ದಾರಿಗಳನ್ನು ಬಿಟ್ಟು, ಕಾರು ನಿಲ್ಲಿಸುವ ಜಾಗದಿಂದ ಇನ್ನೂರು ಹೆಜ್ಜೆ ಒಳಗೆ ಹೋಗಿ ಚಾಪೆ ಹಾಸಿ ಕೂರಿ. ಮೂಸುವುದಕ್ಕೆ ಅಲ್ಲೂ ಸಾಕಷ್ಟು ಸಿಗುತ್ತದೆ. ನೀವು ಮಾತ್ರ ಹೊತ್ತು ಕಳೆಯಲು ಒಂದು ಪುಸ್ತಕ ಒಯ್ಯಿರಿ.